ಹಳೇ ರೇಡಿಯೋಗೆ ಎಂಥ ಎಲಿಮಿನೇಟರ್ ತರಬೇಕು?

ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ನಮ್ಮ ಕಡೆ ಅಟ್ಟದ ಮೇಲಿದ್ದ ರೇಡಿಯೋಗಳು ಒಂದೊಂದಾಗಿ ಕೆಳಗಿಳಿಯುತ್ತವೆ. ಹೊಲದ ಗುಡಿಸಲಿನಲ್ಲಿ ರೇಡಿಯೋ ಮಾತಾಡುತ್ತಿದ್ದರೆ ಕಾಡುಹಂದಿ ಬರುವುದಕ್ಕೆ ಸ್ವಲ್ಪ ಹಿಂದೆ ಮುಂದೆ ನೋಡುತ್ತದೆ. ಒಂದೇ ಜಾಗದಲ್ಲಿ ವಾರಗಟ್ಟಲೆ ಇಟ್ಟರೆ ಹಂದಿಗೂ ಅದು ರೂಢಿಯಾಗಿಬಿಡುತ್ತದೆ, ಆ ಮಾತು ಬೇರೆ. ಮನೆಯಲ್ಲಿರುವ ಹಿರಿಯರಿಗಂತೂ ಬೆಳಗಿನ ವಾರ್ತೆ ಕೇಳದೆ ದಿನ ಶುರುವಾಗುವುದಿಲ್ಲ. ಆದರೆ ನಾಲ್ಕು ದೊಡ್ಡ ಸೆಲ್ಲು ಹಾಕಿ ರಾತ್ರಿಯೆಲ್ಲ ಜೋರಾಗಿ ಹಾಡಿಸಿದರೆ ಎಷ್ಟು ದಿನ ಬಂದೀತು? ಅದಕ್ಕೇ ಎಲ್ಲರೂ ಕೇಳುವುದು, "ಇದನ್ನ ಕರೆಂಟಿಗೆ ಹಾಕೋ ಹಂಗೆ ಮಾಡ್ಕೊಬಹುದಾ?" ಅಂತ.

ಮಾಡ್ಕೊಬಹುದು. ಸೆಲ್ಲಿನ ಬದಲು ಕರೆಂಟಿನಿಂದ ರೇಡಿಯೋ ನಡೆಸುವ ಸಣ್ಣ ಡಬ್ಬಿಗೆ ಅಂಗಡಿಯಲ್ಲಿ ಎಲಿಮಿನೇಟರ್ ಅನ್ನುತ್ತಾರೆ, ಈಗಿನ ಹುಡುಗರು ಅಡಾಪ್ಟರ್ ಅನ್ನುತ್ತಾರೆ. ಎರಡೂ ಒಂದೇ. ತೊಂದರೆ ಏನೆಂದರೆ, ಪಿನ್ನು ತೂತಿಗೆ ಹಿಡಿದರೆ ಸಾಕು, ಹಾಡುತ್ತದೆ ಅಂತ ನಾವು ತಿಳಿದಿದ್ದೇವೆ. ಪಿನ್ನು ಹಿಡಿಯುವುದಕ್ಕೂ ಎಲಿಮಿನೇಟರ್ ಹೊಂದುವುದಕ್ಕೂ ಸಂಬಂಧವೇ ಇಲ್ಲ. ತಪ್ಪು ಡಬ್ಬಿ ಹಾಕಿದರೆ ಎರಡು ನಷ್ಟ. ಒಂದು, ಅಪ್ಪನ ಕಾಲದ ಸೆಟ್ಟು ಒಂದು ಕ್ಷಣದಲ್ಲಿ ಸುಟ್ಟು ಹೋಗುತ್ತದೆ. ಇನ್ನೊಂದು, ಮುಟ್ಟಿದವರ ಜೀವಕ್ಕೇ ಬರುತ್ತದೆ. ಮೊದಲನೆಯದನ್ನು ಅಂಗಡಿಯವನೂ ಹೇಳುತ್ತಾನೆ, ಎರಡನೆಯದನ್ನು ಹೇಳುವವರು ಕಡಿಮೆ.

ಮೊದಲು ರೇಡಿಯೋ ನೋಡಿ

ಎಲಿಮಿನೇಟರ್ ತರುವ ಮುಂಚೆ ಹೊಸ ಸೆಲ್ಲು ಹಾಕಿ ರೇಡಿಯೋ ಕೇಳಿ. ಸೆಲ್ಲಿನಲ್ಲಿ ಚೆನ್ನಾಗಿ ನಡೆಯದ ಸೆಟ್ಟು ಕರೆಂಟಿನಲ್ಲಿ ನಡೆಯುವುದಿಲ್ಲ. ದನಿ ಏರಿಸಿದರೆ ಡೀಸೆಲ್ ಇಂಜಿನ್ ಹಂಗೆ "ಪುಟ್ ಪುಟ್" ಅಂದರೆ ಒಳಗಿನ ಕಂಡೆನ್ಸರ್ ಒಣಗಿರಬಹುದು, ಅದನ್ನು ಮೊದಲು ಮೆಕ್ಯಾನಿಕ್ ಹತ್ತಿರ ಬದಲಿಸಿ. ನಿಮಗೆ ಬೇಕಾದ ಸ್ಟೇಷನ್ ಇನ್ನೂ ಬರುತ್ತಿದೆಯೇ ಅನ್ನುವುದನ್ನೂ ಆಗಲೇ ನೋಡಿಕೊಳ್ಳಿ. ಬೆಂಗಳೂರಿಗೆ 612, ಭದ್ರಾವತಿಗೆ 675, ಧಾರವಾಡಕ್ಕೆ 765 ಅಂತ ಡಯಲ್ ಮೇಲೆ ಪೆನ್ನಿನಲ್ಲಿ ಗೀಟು ಹಾಕಿಕೊಂಡ ಮನೆಗಳು ಎಷ್ಟೋ. ಈಚಿನ ವರ್ಷಗಳಲ್ಲಿ ಆಕಾಶವಾಣಿ ದೇಶದ ಹಲವು ಕಡೆ ಮೀಡಿಯಂ ವೇವ್ ಟ್ರಾನ್ಸ್‌ಮಿಟರ್ ನಿಲ್ಲಿಸಿ ಎಫ್.ಎಂ. ಕಡೆ ಹೊರಳಿದೆ. ಎಫ್.ಎಂ. ಇಲ್ಲದ ಸೆಟ್ಟಿಗೆ ದುಡ್ಡು ಹಾಕುವ ಮೊದಲು ಇದು ಗೊತ್ತಿರಲಿ.

ಆಮೇಲೆ ಸೆಲ್ಲು ಎಷ್ಟು ಅಂತ ಎಣಿಸಿ. ದೊಡ್ಡದಿರಲಿ, ಪೆನ್ ಸೆಲ್ ಇರಲಿ, ಒಂದು ಸೆಲ್ಲಿಗೆ ಒಂದೂವರೆ ವೋಲ್ಟ್. ಎರಡಿದ್ದರೆ 3, ಮೂರಿದ್ದರೆ 4.5, ನಾಲ್ಕಿದ್ದರೆ 6, ಆರಿದ್ದರೆ 9 ವೋಲ್ಟ್. ಕೆಲವು ಸೆಟ್ಟುಗಳಲ್ಲಿ ಡಯಲಿನ ಬಲ್ಬಿಗೆ ಅಂತಲೇ ಬೇರೆ ಸೆಲ್ಲು ಇರುತ್ತದೆ, ಅದನ್ನು ಲೆಕ್ಕಕ್ಕೆ ಸೇರಿಸಬೇಡಿ. ಹಿಂದಿನ ಮುಚ್ಚಳದ ಮೇಲೆ ಅಥವಾ ತೂತಿನ ಪಕ್ಕದಲ್ಲಿ "ಡಿಸಿ 6 ವೋಲ್ಟ್" ಅಂತ ಅಚ್ಚಾಗಿದ್ದರೆ ಇನ್ನೂ ಒಳ್ಳೆಯದು, ನಿಮ್ಮ ಎಣಿಕೆಗೆ ತಾಳೆಯಾಗಬೇಕು.

ಡಿಸಿ ಅನ್ನುವುದಕ್ಕೆ ಒಂದು ಗುರುತಿದೆ. ಮೇಲೆ ಒಂದು ನೇರ ಗೆರೆ, ಅದರ ಕೆಳಗೆ ತುಂಡು ತುಂಡು ಗೆರೆ. ಎಸಿ ಆದರೆ ಹಾವು ಹರಿದ ಹಂಗೆ ಒಂದು ಡೊಂಕು ಗೆರೆ. ಹೊರಗೆ ಎಸಿಯನ್ನೇ ಕೊಡುವ ಡಬ್ಬಿಗಳೂ ಇವೆ, ನೋಡಲು ಎಲಿಮಿನೇಟರ್ ಹಂಗೇ ಇರುತ್ತವೆ. ಸೆಲ್ಲಿನ ರೇಡಿಯೋಗೆ ಅದನ್ನು ಚುಚ್ಚಿದರೆ ಮುಗಿಯಿತು. ಟು-ಇನ್-ಒನ್ ಸೆಟ್ಟುಗಳಲ್ಲಿ ಕೆಲವಕ್ಕೆ ಒಳಗೇ ಟ್ರಾನ್ಸ್‌ಫಾರ್ಮರ್ ಇದ್ದು ನೇರವಾಗಿ ಕರೆಂಟಿನ ವೈರು ಹಾಕುವ ಎರಡು ಕಡ್ಡಿಯ ತೂತಿರುತ್ತದೆ. ಅಂಥದ್ದಕ್ಕೆ ಎಲಿಮಿನೇಟರ್ ಬೇಡವೇ ಬೇಡ. ಆದರೆ ಹೊರದೇಶದಿಂದ ಬಂದ ಸೆಟ್ಟಾದರೆ ಹಿಂದೆ 110-220 ಅಂತ ಒಂದು ಬದಲಿಸುವ ಸ್ವಿಚ್ಚು ಇದೆಯೇ, ಅದು 220ರ ಕಡೆ ಇದೆಯೇ ನೋಡಿ.

ಇನ್ನೊಂದು ಮಾತು. ಹಳೆಯ ಕೆಲವು ಸೆಟ್ಟುಗಳಲ್ಲಿ ಇಯರ್‌ಫೋನ್ ತೂತೂ ಕರೆಂಟಿನ ತೂತೂ ಅಕ್ಕಪಕ್ಕ ಇದ್ದು, ಎರಡಕ್ಕೂ ಒಂದೇ ಪಿನ್ನು ಹಿಡಿಯುತ್ತದೆ. ಕತ್ತಲಲ್ಲಿ ಬದಲಾಯಿಸಿ ಚುಚ್ಚುವುದು ಸುಲಭ. ಕರೆಂಟಿನ ತೂತಿನ ಸುತ್ತ ಕೆಂಪು ಬಣ್ಣ ಹಚ್ಚಿಬಿಡಿ.

ನಡುವಿನದು ಪ್ಲಸ್ಸೋ ಮೈನಸ್ಸೋ

ಹೆಚ್ಚು ಸೆಟ್ಟುಗಳು ಸಾಯುವುದು ಇಲ್ಲೇ. ಪಿನ್ನಿಗೆ ನಡುವೆ ಒಂದು ತುದಿ, ಹೊರಗೆ ಒಂದು ಬಳೆ. ಈಗಿನ ಬಹುಪಾಲು ಅಡಾಪ್ಟರುಗಳಲ್ಲಿ ನಡುವಿನದು ಪ್ಲಸ್ಸು, ಹೊರಗಿನದು ಮೈನಸ್ಸು. ಹಳೆಯ ರೇಡಿಯೋಗಳಲ್ಲಿ ಎಷ್ಟೋ ಉಲ್ಟಾ. ಒಂದೇ ಕಂಪನಿಯ ಎರಡು ಸೆಟ್ಟು ಬೇರೆ ಬೇರೆ ಇರುವುದೂ ಉಂಟು. ಆದ್ದರಿಂದ "ನಮ್ಮ ಮಾವನ ಮನೆ ರೇಡಿಯೋಗೆ ಇದೇ ಹಾಕಿದೀವಿ" ಅನ್ನುವ ಮಾತು ನಂಬಬೇಡಿ.

ರೇಡಿಯೋ ಮೇಲೆ ಒಂದು ಸಣ್ಣ ಚಿತ್ರ ಇರುತ್ತದೆ. ನಡುವೆ ಒಂದು ಚುಕ್ಕೆ, ಅದರ ಸುತ್ತ ಪೂರ್ತಿ ಮುಚ್ಚದ ಒಂದು ದುಂಡು ಗೆರೆ. ಚುಕ್ಕೆಗೆ ಎಳೆದ ಗೆರೆಯ ತುದಿಯಲ್ಲಿ ಏನಿದೆಯೋ ಅದು ನಡುವಿನದು. ಎಲಿಮಿನೇಟರ್ ಮೇಲೂ ಇದೇ ಚಿತ್ರ ಇರುತ್ತದೆ, ಎರಡೂ ಒಂದೇ ಇರಬೇಕು.

ಚಿತ್ರ ಅಳಿಸಿ ಹೋಗಿದ್ದರೆ ಮಲ್ಟಿಮೀಟರ್ ಬೇಕು. ಪಂಪ್‌ಸೆಟ್ ಇರುವ ರೈತನ ಮನೆಯಲ್ಲಿ ಒಂದು ಮೀಟರ್ ಇರಲೇಬೇಕು ಅನ್ನುವುದು ನನ್ನ ಅಭಿಪ್ರಾಯ, ಈ ಕೆಲಸಕ್ಕೆ ಅಗ್ಗದ ಮೀಟರೇ ಸಾಕು. ಸೆಲ್ಲೆಲ್ಲಾ ತೆಗೆಯಿರಿ, ರೇಡಿಯೋ ಆಫ್ ಇರಲಿ. ಮೀಟರನ್ನು "ಬೀಪ್" ಅನ್ನುವ ಜಾಗಕ್ಕೆ ತಿರುಗಿಸಿ. ಒಂದು ಕಡ್ಡಿಯನ್ನು ತೂತಿನ ನಡುವಿನ ಸೂಜಿಗೆ ತಾಗಿಸಿ. ಇನ್ನೊಂದನ್ನು ಸೆಲ್ಲಿನ ಮನೆಯಲ್ಲಿ ವೈರು ಬೆಸೆದಿರುವ ಎರಡು ಕೊನೆಯ ತಗಡುಗಳಿಗೆ ಒಂದಾದ ಮೇಲೊಂದು ಮುಟ್ಟಿಸಿ. ಪ್ಲಸ್ಸಿನ ಕಡೆ ಬೀಪ್ ಅಂದರೆ ನಡುವಿನದು ಪ್ಲಸ್ಸು. ಮೈನಸ್ಸಿನ ಸ್ಪ್ರಿಂಗಿನ ಕಡೆ ಅಂದರೆ ಮೈನಸ್ಸು. ಎರಡಕ್ಕೂ ಬೀಪ್ ಅಂದರೆ, ಇಲ್ಲವೇ ಎರಡಕ್ಕೂ ಅನ್ನದಿದ್ದರೆ, ನೀವು ಊಹೆ ಮಾಡಬೇಡಿ. ಹಳೇ ಕಾಲದ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿ.

1960-70ರ ದಶಕದ ಸೆಟ್ಟುಗಳಲ್ಲಿ ಇನ್ನೊಂದು ವಿಶೇಷ. ಅವುಗಳಲ್ಲಿ ಎಷ್ಟೋ ಜರ್ಮೇನಿಯಂ ಟ್ರಾನ್ಸಿಸ್ಟರಿನವು, ಎಸಿ 128 ಅಂತ ಬರೆದ ಸಣ್ಣ ಲೋಹದ ಟೋಪಿಯಂಥವು. ಬೆಂಗಳೂರಿನ ಬಿ.ಇ.ಎಲ್. ಕಾರ್ಖಾನೆಯಲ್ಲೂ ಜರ್ಮೇನಿಯಂ ಟ್ರಾನ್ಸಿಸ್ಟರ್ ತಯಾರಾಗುತ್ತಿದ್ದವು. ಈ ಜಾತಿಯ ಸೆಟ್ಟುಗಳಲ್ಲಿ ಹಲವಕ್ಕೆ ಪ್ಲಸ್ಸೇ ಬುಡ, ಅಂದರೆ ಒಳಗಿನ ತಗಡಿಗೆಲ್ಲ ಪ್ಲಸ್ಸು ಸೇರಿರುತ್ತದೆ. ಈಗಿನ ಹುಡುಗ ಮೆಕ್ಯಾನಿಕ್ ಅದನ್ನು ನೋಡಿ "ಯಾರೋ ಉಲ್ಟಾ ಹಾಕವ್ರೆ" ಅಂತ ಸರಿ ಮಾಡಲು ಹೋಗಿ ಸುಡುತ್ತಾನೆ. ಆ ಟ್ರಾನ್ಸಿಸ್ಟರ್ ಸುಟ್ಟರೆ ಅದೇ ನಂಬರಿನದು ಸಿಗುವುದು ಕಷ್ಟ.

ಉಲ್ಟಾ ಹಾಕಿದರೂ ಸೆಟ್ಟು ಉಳಿಯಬೇಕು ಅಂದರೆ ಒಂದು ಉಪಾಯ ಇದೆ. 4007 ಅನ್ನುವ ಡಯೋಡನ್ನು ಪ್ಲಸ್ ವೈರಿನ ನಡುವೆ ಬೆಸೆಸಿ. ಬೆಳ್ಳಿ ಪಟ್ಟಿ ಇರುವ ತುದಿ ರೇಡಿಯೋ ಕಡೆಗಿರಲಿ. ಬಾವಿಯ ಫುಟ್‌ವಾಲ್ವ್ ಹಂಗೆ ಅದು ಒಂದೇ ಕಡೆಗೆ ಬಿಡುತ್ತದೆ. ಮುಕ್ಕಾಲು ವೋಲ್ಟಿನಷ್ಟು ತಾನು ತಿನ್ನುತ್ತದೆ, ಆರು ವೋಲ್ಟಿನ ಸೆಟ್ಟಿಗೆ ಅದು ಲೆಕ್ಕಕ್ಕೆ ಬರುವುದಿಲ್ಲ.

ಆರು ಅಂತ ಬರೆದದ್ದೆಲ್ಲ ಆರಲ್ಲ

ವೋಲ್ಟು, ಆಂಪಿಯರ್ ಎರಡನ್ನೂ ಕಲಸಿಕೊಳ್ಳುವವರೇ ಹೆಚ್ಚು. ಡ್ರಿಪ್ ಹಾಕಿದವರಿಗೆ ಇದು ಬೇಗ ತಿಳಿಯುತ್ತದೆ. ವೋಲ್ಟ್ ಅಂದರೆ ಟ್ಯಾಂಕು ಎಷ್ಟು ಎತ್ತರದಲ್ಲಿದೆ ಅನ್ನುವುದು, ಅಂದರೆ ಪ್ರೆಷರ್. ಅದು ಜಾಸ್ತಿಯಾದರೆ ಪೈಪು ಒಡೆಯುತ್ತದೆ. ಆಂಪಿಯರ್ ಅಂದರೆ ಟ್ಯಾಂಕು ಎಷ್ಟು ನೀರು ಕೊಡಬಲ್ಲದು ಅನ್ನುವುದು. ಅದು ಜಾಸ್ತಿ ಇದ್ದರೆ ಏನೂ ಆಗುವುದಿಲ್ಲ, ಗಿಡ ತನಗೆ ಬೇಕಾದಷ್ಟೇ ಕುಡಿಯುತ್ತದೆ. ಹಂಗಾಗಿ ರೇಡಿಯೋಗೆ 300 ಮಿಲಿ ಆಂಪಿಯರ್ ಸಾಕಾದರೂ 500ರದ್ದು ತಂದರೆ ತಪ್ಪಿಲ್ಲ, 1000ದ್ದೂ ಆದೀತು. ಕ್ಯಾಸೆಟ್ ಇರುವ ಟು-ಇನ್-ಒನ್‌ಗೆ ಮೋಟರ್ ತಿರುಗಬೇಕು, ಅದಕ್ಕೆ 500ಕ್ಕಿಂತ ಕಡಿಮೆ ಬೇಡ. ವೋಲ್ಟ್ ಮಾತ್ರ ಸರಿಯಾಗಿಯೇ ಇರಬೇಕು.

ಮೋಸ ಆಗುವುದು ಇಲ್ಲಿ. ಟ್ರಾನ್ಸ್‌ಫಾರ್ಮರ್ ಇರುವ ಹಳೇ ಮಾದರಿಯ ಎಲಿಮಿನೇಟರ್ ಮೇಲೆ "6 ವೋಲ್ಟ್, 300 ಮಿಲಿ ಆಂಪಿಯರ್" ಅಂತ ಇದ್ದರೆ ಅದರ ಅರ್ಥ, ಪೂರಾ 300 ಎಳೆದಾಗ 6 ವೋಲ್ಟ್ ಇರುತ್ತದೆ ಅಂತ. ಸಣ್ಣ ದನಿಯಲ್ಲಿ ಹಾಡುವ ರೇಡಿಯೋ ಇಪ್ಪತ್ತು ಮೂವತ್ತು ಮಿಲಿ ಆಂಪಿಯರ್ ಎಳೆದರೆ ಹೆಚ್ಚು. ಹೊರೆ ಇಲ್ಲದ ಗಾಡಿ ಇಳಿಜಾರಿನಲ್ಲಿ ಓಡಿದ ಹಂಗೆ ವೋಲ್ಟ್ ಏರುತ್ತದೆ. ಆರು ಅಂತ ಬರೆದ ಡಬ್ಬಿಯಲ್ಲಿ ಮೀಟರ್ ಇಟ್ಟರೆ ಎಂಟೂವರೆ, ಒಂಬತ್ತು ತೋರಿಸುವುದು ಮಾಮೂಲು. ಇದು ಡಬ್ಬಿಯ ದೋಷವಲ್ಲ, ಅದರ ಗುಣವೇ ಹಂಗೆ.

ಇದರ ಮೇಲೆ ನಮ್ಮ ಹಳ್ಳಿಯ ಕರೆಂಟು. ಎಲ್ಲರ ಮೋಟರು ಓಡುವಾಗ ಬಲ್ಬು ದೀಪದ ಹಂಗೆ ಉರಿಯುತ್ತದೆ. ರಾತ್ರಿ ಮೋಟರೆಲ್ಲಾ ನಿಂತ ಮೇಲೆ ಬಲ್ಬು ಕಣ್ಣು ಕುಕ್ಕುತ್ತದೆ. 230 ಇರಬೇಕಾದದ್ದು 260 ಆದರೆ ಆ ಒಂಬತ್ತು ಹತ್ತಕ್ಕೆ ಏರುತ್ತದೆ. ಹಳೇ ಸೆಟ್ಟಿನ ಕಂಡೆನ್ಸರ್ ಮೇಲೆ 6.4 ವೋಲ್ಟ್, 10 ವೋಲ್ಟ್ ಅಂತ ಬರೆದಿರುತ್ತದೆ, ಅದಕ್ಕಿಂತ ಮೇಲೆ ಅದು ತಡೆಯುವುದಿಲ್ಲ. ಮೊದಲ ದಿನವೇ ಸುಡಬೇಕೆಂದಿಲ್ಲ. ಬಿಸಿಯಾಗುತ್ತಾ ಆಗುತ್ತಾ ಎರಡು ತಿಂಗಳಿಗೆ ದನಿ ಒಡೆದು ಕೂಡುತ್ತದೆ. ನಾವು "ಹಳೇ ಸೆಟ್ಟು, ಆಯಸ್ಸು ಮುಗೀತು" ಅಂತೀವಿ.

ಅದಕ್ಕೇ, ರೇಡಿಯೋಗೆ ಚುಚ್ಚುವ ಮೊದಲು ಅಳೆಯಿರಿ. ಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಕೆಂಪು ಕಡ್ಡಿ ಪಿನ್ನಿನ ನಡುವಿಗೆ, ಕಪ್ಪು ಹೊರಗಿನ ಬಳೆಗೆ. ಬರೀ ಅಂಕಿ ಬಂದರೆ ನಡುವಿನದು ಪ್ಲಸ್ಸು. ಅಂಕಿಯ ಹಿಂದೆ ಒಂದು ಅಡ್ಡಗೆರೆ ಬಂದರೆ ನಡುವಿನದು ಮೈನಸ್ಸು. ಒಂದೇ ಅಳತೆಯಲ್ಲಿ ಎರಡು ಕೆಲಸ. ನಾಲ್ಕು ಹೊಸ ಸೆಲ್ಲು ಒಟ್ಟಿಗೆ ಆರೂವರೆಯ ಹತ್ತಿರ ಬರುತ್ತವೆ, ಆದ್ದರಿಂದ ಆರರ ಸೆಟ್ಟಿಗೆ ಏಳರವರೆಗೆ ನಾನು ಒಪ್ಪುತ್ತೇನೆ. ಅದಕ್ಕಿಂತ ಮೇಲಿದ್ದರೆ ಹಾಕಬಾರದು. ರಾತ್ರಿ ಮೋಟರು ನಿಂತ ಮೇಲೆ ಇನ್ನೊಮ್ಮೆ ಅಳೆಯಿರಿ.

3, 4.5, 6, 7.5, 9, 12 ಅಂತ ಜಾರುಸ್ವಿಚ್ಚು ಇರುವ ಎಲಿಮಿನೇಟರ್ ಇದ್ದರೆ ಬರಹ ಮರೆತು ಮೀಟರ್ ನಂಬಿ. ಎಷ್ಟೋ ಸಲ 4.5ರಲ್ಲಿ ಇಟ್ಟರೇ ಆರು ಚಿಲ್ಲರೆ ಬರುತ್ತದೆ, ನಾಲ್ಕು ಸೆಲ್ಲಿನ ಸೆಟ್ಟಿಗೆ ಅದೇ ಸರಿ. ಸರಿಯಾದ ಜಾಗ ಸಿಕ್ಕ ಮೇಲೆ ಆ ಸ್ವಿಚ್ಚಿನ ಮೇಲೆ ಗಟ್ಟಿಯಾಗಿ ಟೇಪು ಸುತ್ತಿಬಿಡಿ. ಪ್ಲಸ್-ಮೈನಸ್ ಬದಲಿಸುವ ಇನ್ನೊಂದು ಸ್ವಿಚ್ಚಿದ್ದರೆ ಅದಕ್ಕೂ. ಮಕ್ಕಳ ಬೆರಳಿಗೆ ಅದು ಆಟದ ಸಾಮಾನು, ಕಸ ಗುಡಿಸುವಾಗ ಪೊರಕೆ ತಾಗಿದರೂ ಆರು ಹೋಗಿ ಹನ್ನೆರಡಾಗುತ್ತದೆ.

ಏರಿಯಲ್ಲಿಗೆ ಕರೆಂಟು ಬಂದರೆ

ಇದುವರೆಗೆ ರೇಡಿಯೋ ಉಳಿಸುವ ಮಾತಾಯಿತು. ಈಗ ಮನುಷ್ಯ ಉಳಿಯುವ ಮಾತು.

ಸೆಲ್ಲಿನ ರೇಡಿಯೋ ಮಾಡಿದವರು ಅದನ್ನು ಯಾರು ಎಲ್ಲಿ ಮುಟ್ಟಿದರೂ ಏನೂ ಆಗದು ಅಂತ ಮಾಡಿರುತ್ತಾರೆ. ಅದರ ಏರಿಯಲ್ ಲೋಹ, ತಿರುಪು ಲೋಹ, ಇಯರ್‌ಫೋನ್ ತೂತಿನ ಬಳೆ ಲೋಹ. ಎಲ್ಲ ಒಳಗಿನ ಸರ್ಕಿಟ್ಟಿಗೆ ಸೇರಿರುತ್ತವೆ. ಆರು ವೋಲ್ಟಿನಲ್ಲಿ ಅದರಿಂದ ಏನೂ ಇಲ್ಲ. ಆದರೆ ಎಲಿಮಿನೇಟರ್ ಒಳಗೆ 230ರ ಕಡೆಯೂ ಆರರ ಕಡೆಯೂ ಒಂದಕ್ಕೊಂದು ತಾಗಿದ್ದರೆ ಏರಿಯಲ್ ಹಿಡಿದವನು ಲೈನು ಹಿಡಿದ ಹಂಗೆ. ಸ್ಟೇಷನ್ ಸರಿಯಾಗಿ ಬರಲಿ ಅಂತ ಏರಿಯಲ್ ಹಿಡಿದು ಅಲ್ಲಾಡಿಸದವರು ಯಾರಿದ್ದಾರೆ? ಅದೂ ಒದ್ದೆ ಕಾಲಿನಲ್ಲಿ, ಮಣ್ಣು ನೆಲದ ಮೇಲೆ.

ಟ್ರಾನ್ಸ್‌ಫಾರ್ಮರಿನ ನಿಜವಾದ ಉಪಕಾರ ವೋಲ್ಟ್ ಇಳಿಸುವುದಕ್ಕಿಂತ ಇದೇ. ಅದರಲ್ಲಿ ಎರಡು ಸುತ್ತು ತಂತಿ. ಒಂದಕ್ಕೊಂದು ತಾಗುವುದಿಲ್ಲ, ನಡುವೆ ಬರೀ ಕಬ್ಬಿಣದ ತಗಡು. 230 ಆ ದಡದಲ್ಲೇ ನಿಲ್ಲುತ್ತದೆ. ಒಳ್ಳೆಯ ಮೊಬೈಲ್ ಚಾರ್ಜರುಗಳಲ್ಲೂ ಸಣ್ಣದೊಂದು ಟ್ರಾನ್ಸ್‌ಫಾರ್ಮರ್ ಇದೇ ಕೆಲಸಕ್ಕೆ ಇದೆ. ಆದರೆ ಕರೆಂಟಿಗೆ ನೇರ ಚುಚ್ಚಿ ಚಾರ್ಜ್ ಮಾಡುವ ಅಗ್ಗದ ಟಾರ್ಚು, ಸೊಳ್ಳೆ ಬ್ಯಾಟು, ಇವುಗಳೊಳಗೆ ಬಹುಪಾಲು ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ. ಒಂದು ಕಂಡೆನ್ಸರ್, ನಾಲ್ಕು ಡಯೋಡ್, ಅಷ್ಟೇ. ವೋಲ್ಟ್ ಇಳಿಯುತ್ತದೆ, ಲೈನಿನ ಸಂಬಂಧ ಕಡಿಯುವುದಿಲ್ಲ. ಪೂರ್ತಿ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿಕೊಂಡು ಇರುವ ತನಕ ಅದು ಹೇಗೋ ನಡೆಯುತ್ತದೆ. ಅದನ್ನು ಬಿಚ್ಚಿ ಎರಡು ವೈರು ಎಳೆದು ರೇಡಿಯೋಗೆ ಕೊಡುವ ಬುದ್ಧಿವಂತರು ಊರಿಗೊಬ್ಬರು ಇರುತ್ತಾರೆ. ದಯವಿಟ್ಟು ಬೇಡ. ಮೀಟರಿನಲ್ಲಿ ಆರೇ ತೋರಿಸಬಹುದು, ಆ ಎರಡು ವೈರಿನ ನಡುವೆ ಆರೇ ಇರಬಹುದು. ವೈರಿಗೂ ನಿಮ್ಮ ಕಾಲ ಕೆಳಗಿನ ನೆಲಕ್ಕೂ ನಡುವೆ ಇರುವುದು 230.

ಕೊಳ್ಳುವಾಗ ಮೂರು ನಾಲ್ಕು ಗುರುತು ನೋಡಿ. ಡಬ್ಬಿಯ ಮೇಲೆ ಬಿ.ಐ.ಎಸ್. ಗುರುತು, ಅದರ ಜೊತೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ನಂಬರು ಇರಬೇಕು. ಚೌಕದೊಳಗೆ ಇನ್ನೊಂದು ಚೌಕದ ಚಿತ್ರ ಇದ್ದರೆ ಎರಡು ಪದರದ ಇನ್ಸುಲೇಷನ್ ಅಂತ ಅರ್ಥ. ಕಂಪನಿಯ ಹೆಸರು, ಒಳಗೆ ಎಷ್ಟು ವೋಲ್ಟ್, ಹೊರಗೆ ಎಷ್ಟು ಅನ್ನುವ ಬರಹ ಇರಬೇಕು. ಏನೂ ಬರೆಯದೆ, ಕೈಯಲ್ಲಿ ಹಿಡಿದರೆ ಖಾಲಿ ಬೆಂಕಿಪೊಟ್ಟಣದ ತೂಕ ಇದ್ದರೆ, ಪುಕ್ಕಟೆ ಕೊಟ್ಟರೂ ತರಬೇಡಿ.

ಮನೆಗೆ ತಂದ ಮೇಲೆ, ಗೋಡೆಗೆ ಚುಚ್ಚುವ ಮೊದಲೇ ಮೀಟರಿನ ಓಮ್ಸ್ ಕಡೆ ಅತಿ ಮೇಲಿನ ಜಾಗಕ್ಕೆ ತಿರುಗಿಸಿ. ಗೋಡೆಗೆ ಹೋಗುವ ಒಂದು ಕಡ್ಡಿಗೆ ಒಂದು ತುದಿ, ರೇಡಿಯೋಗೆ ಹೋಗುವ ಪಿನ್ನಿನ ನಡುವಿಗೆ ಇನ್ನೊಂದು. ಆಮೇಲೆ ಹೊರಬಳೆಗೆ. ಹೀಗೆ ಗೋಡೆಯ ಎರಡೂ ಕಡ್ಡಿಗೆ, ಒಟ್ಟು ನಾಲ್ಕು ಸಲ. ಕಡ್ಡಿಯ ತುದಿಗೆ ಬೆರಳು ತಾಗಬಾರದು, ತಾಗಿದರೆ ನಿಮ್ಮ ಮೈಯನ್ನೇ ಅಳೆಯುತ್ತದೆ. ನಾಲ್ಕು ಸಲವೂ ಮೀಟರ್ ಏನೂ ಹಾಕದಿದ್ದಾಗ ತೋರಿಸುವುದನ್ನೇ ತೋರಿಸಬೇಕು. ಯಾವುದಾದರೂ ಅಂಕಿ ಬಂದು ನಿಂತರೆ ಆ ಡಬ್ಬಿ ಒಲೆಯ ಪಾಲು ಅಂತಲೇ ತಿಳಿಯಿರಿ. ಹಂಗಂತ ಈ ಪರೀಕ್ಷೆ ಪಾಸಾದದ್ದೆಲ್ಲ ಪೂರ್ತಿ ಭದ್ರ ಅಂತಲ್ಲ. ಸಣ್ಣ ಮೀಟರಿನ ಒಂಬತ್ತು ವೋಲ್ಟಿಗೆ ಬಗ್ಗದ ಇನ್ಸುಲೇಷನ್ 230ಕ್ಕೆ ಬಗ್ಗಬಹುದು. ಫೇಲಾದದ್ದು ಖಂಡಿತ ಬೇಡ ಅನ್ನುವಷ್ಟು ಮಾತ್ರ ಇದರಿಂದ ಗೊತ್ತಾಗುತ್ತದೆ.

ಕೆಲವರು ಕೇಳುತ್ತಾರೆ, ಮೊಬೈಲ್ ಚಾರ್ಜರ್ ಹಾಕಿದಾಗ ಏರಿಯಲ್ ಮುಟ್ಟಿದರೆ ಇರುವೆ ಹರಿದ ಹಂಗೆ ಆಗುತ್ತದೆ, ಟೆಸ್ಟರ್ ಮಂಕಾಗಿ ಉರಿಯುತ್ತದೆ ಅಂತ. ಆ ಜಾತಿಯ ಚಾರ್ಜರುಗಳಲ್ಲಿ ಎರಡು ದಡಗಳ ನಡುವೆ ಒಂದು ಸಣ್ಣ ಕಂಡೆನ್ಸರ್ ಬೇಕಂತಲೇ ಇಟ್ಟಿರುತ್ತಾರೆ. ಒಳ್ಳೆ ಕಂಪನಿಯದಾದರೆ ಅಷ್ಟಕ್ಕೇ ನಿಲ್ಲುತ್ತದೆ. ಕಳಪೆಯದಾದರೆ ಆ ಕಂಡೆನ್ಸರೇ ಒಂದು ದಿನ ಶಾರ್ಟ್ ಆಗಬಹುದು. ಹೊರಗಿನಿಂದ ನೋಡಿ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ಏರಿಯಲ್ ಮುಟ್ಟಿ ಮುಟ್ಟಿ ಕೇಳುವ ಸೆಟ್ಟಿಗೆ ಟ್ರಾನ್ಸ್‌ಫಾರ್ಮರಿನ ತೂಕದ ಡಬ್ಬಿಯೇ ನನಗೆ ಇಷ್ಟ.

ಮೀಡಿಯಂ ವೇವ್ ಕೇಳುವವರಿಗೆ ಟ್ರಾನ್ಸ್‌ಫಾರ್ಮರಿನದೇ ಬೇಕು ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಮೊಬೈಲ್ ಚಾರ್ಜರ್ ಜಾತಿಯವು ಒಳಗೆ ಸೆಕೆಂಡಿಗೆ ಹತ್ತಾರು ಸಾವಿರ ಸಲ ಕರೆಂಟನ್ನು ಕಡಿದು ಕಡಿದು ಕೊಡುತ್ತವೆ. ಆ ಕಡಿತದ ಸದ್ದು ಮೀಡಿಯಂ ವೇವ್ ಪೂರ್ತಿ ಹರಡಿ "ಝೂಂಯ್" ಅನ್ನುತ್ತದೆ, ದೂರದ ಸ್ಟೇಷನ್ ಅದರಲ್ಲಿ ಮುಳುಗಿ ಹೋಗುತ್ತದೆ. ಎಫ್.ಎಂ.ನಲ್ಲಿ ಅಷ್ಟು ಗೊತ್ತಾಗುವುದಿಲ್ಲ. ಪವರ್ ಬ್ಯಾಂಕ್ ಹಾಕಿದರೂ ಇದೇ ಗೋಳು. ಜೊತೆಗೆ ರೇಡಿಯೋ ಎಳೆಯುವುದು ತೀರಾ ಕಡಿಮೆ ಅಂತ ಹೆಚ್ಚಿನವು ಸ್ವಲ್ಪ ಹೊತ್ತಿಗೆ ತಾವೇ ಆಫ್ ಆಗುತ್ತವೆ. ಟ್ರಾನ್ಸ್‌ಫಾರ್ಮರಿನದು ಹಾಕಿದಾಗಲೂ ಸಣ್ಣಗೆ "ಗುಂಯ್" ಅಂದರೆ ಗೋಡೆಯ ಪಿನ್ನನ್ನು ತಿರುಗಿಸಿ ಚುಚ್ಚಿ ನೋಡಿ. ಹೋಗದಿದ್ದರೆ ಡಬ್ಬಿಯೊಳಗಿನ ಕಂಡೆನ್ಸರ್ ಸಣ್ಣದು ಅಂತ ಲೆಕ್ಕ.

ಮಾಡಿಸಿಕೊಳ್ಳುವುದಾದರೆ

ಪೇಟೆಯಲ್ಲಿ ಈಗ ಒಳ್ಳೆಯ ಟ್ರಾನ್ಸ್‌ಫಾರ್ಮರ್ ಎಲಿಮಿನೇಟರ್ ಹುಡುಕುವುದೇ ಕಷ್ಟವಾಗಿದೆ. ಕೈಕೆಲಸ ಗೊತ್ತಿರುವ ಮೆಕ್ಯಾನಿಕ್ ಇದ್ದರೆ ಮಾಡಿಸುವುದೇ ಮೇಲು. ಚೀಟಿಯಲ್ಲಿ ಹೀಗೆ ಬರೆದು ಕೊಡಿ: 9-0-9 ಟ್ರಾನ್ಸ್‌ಫಾರ್ಮರ್ 500 ಮಿಲಿ ಆಂಪಿಯರಿನದು ಒಂದು, 4007 ಡಯೋಡ್ ಎರಡು, 1000 ಮೈಕ್ರೋಫ್ಯಾರಡ್ 25 ವೋಲ್ಟ್ ಕಂಡೆನ್ಸರ್ ಒಂದು, 7806 ರೆಗ್ಯುಲೇಟರ್ ಒಂದು, ಅದರ ಹಿಂದೆ ಮುಂದೆ ಹಾಕುವ ಸಣ್ಣ ಕಂಡೆನ್ಸರ್ ಎರಡು, ಫ್ಯೂಸು, ಪ್ಲಾಸ್ಟಿಕ್ ಡಬ್ಬಿ.

7806ಕ್ಕೆ ಮೂರು ಕಾಲು. ಬರಹ ನಮ್ಮ ಕಡೆ, ಕಾಲು ಕೆಳಗೆ ಹಿಡಿದರೆ ಎಡಗಾಲು ಒಳಗೆ ಬರುವುದು, ನಡುವಿನದು ಮೈನಸ್ಸು, ಬಲಗಾಲು ಆರು ವೋಲ್ಟ್ ಹೊರಗೆ ಹೋಗುವುದು. ಅದು ಟ್ಯಾಂಕಿನ ಬಾಲ್‌ವಾಲ್ವ್ ಇದ್ದ ಹಂಗೆ. ಹಿಂದಿನಿಂದ ಎಂಟು ಬರಲಿ ಹದಿನಾರು ಬರಲಿ, ಮುಂದಕ್ಕೆ ಆರೇ ಬಿಡುತ್ತದೆ. ಆದರೆ ಹಿಂದೆ ಕನಿಷ್ಠ ಎಂಟಾದರೂ ಇರಬೇಕು. ಅದಕ್ಕೇ ಆರರ ಸೆಟ್ಟಿಗೆ 9-0-9 ಹೇಳಿದ್ದು. ಆರರ ಟ್ರಾನ್ಸ್‌ಫಾರ್ಮರ್ ಹಾಕಿದರೆ ಸಂಜೆ ಕರೆಂಟು 170ಕ್ಕೆ ಇಳಿದಾಗ ರೇಡಿಯೋ ಗೊಣಗುತ್ತದೆ. 9-0-9 ಹಾಕಿದರೆ 170ರಲ್ಲೂ ಎಂಟೂವರೆಯ ಮೇಲೆ ಉಳಿಯುತ್ತದೆ. ಆರು ಸೆಲ್ಲಿನ ಸೆಟ್ಟಿಗೆ 7809, ಟ್ರಾನ್ಸ್‌ಫಾರ್ಮರ್ 12-0-12, ಆಗ ಕಂಡೆನ್ಸರ್ 35 ವೋಲ್ಟಿನದು ಹಾಕಿಸಿ. ಮೂರು ಸೆಲ್ಲಿನದಕ್ಕೆ 7805 ಹಾಕಿ ಮುಂದೆ ಒಂದು 4007 ಬೆಸೆದರೆ ನಾಲ್ಕೂ ಕಾಲು ಸಿಗುತ್ತದೆ, ಅದು ಸಾಕು. ಅಂಗಡಿಯವನು ಇವೆಲ್ಲ ಯಾಕೆ, ಒಂದು ರೆಸಿಸ್ಟರ್ ಹಾಕಿ ಇಳಿಸಿಕೊಡ್ತೀನಿ ಅಂದರೆ ಒಪ್ಪಬೇಡಿ. ರೆಸಿಸ್ಟರ್ ದನಿ ಜೋರಾದಾಗ ಒಂದು ವೋಲ್ಟ್, ಸಣ್ಣದಾದಾಗ ಒಂದು ವೋಲ್ಟ್ ಕೊಡುತ್ತದೆ.

ಗೋಡೆ ಕಡೆಯ ಬೆಸುಗೆ, ಫ್ಯೂಸು, ಡಬ್ಬಿ ಮುಚ್ಚುವ ಕೆಲಸ ತಿಳಿದವರೇ ಮಾಡಲಿ. ಮತ್ತೆ ರೇಡಿಯೋಗೆ ಕರೆಂಟಿನ ತೂತೇ ಇಲ್ಲ ಅಂತ ವೈರನ್ನು ನೇರವಾಗಿ ಸೆಲ್ಲಿನ ತಗಡಿಗೆ ಬೆಸೆಸಿದ್ದರೆ, ಒಳಗೆ ಸೆಲ್ಲು ಬಿಡಲೇಬಾರದು. ತೂತಿರುವ ಸೆಟ್ಟಿನಲ್ಲಿ ಪಿನ್ನು ಹಾಕಿದ ತಕ್ಷಣ ಸೆಲ್ಲಿನ ಸಂಬಂಧ ಕಡಿಯುವ ಏರ್ಪಾಡು ಇರುತ್ತದೆ. ನೇರ ಬೆಸೆದಲ್ಲಿ ಅದಿಲ್ಲ. ಕರೆಂಟು ಸೆಲ್ಲಿನೊಳಗೇ ನುಗ್ಗಿ ಸೆಲ್ಲು ಉಬ್ಬಿ ಒಡೆಯುತ್ತದೆ.

ಹೊಲದ ಗುಡಿಸಲಿಗೆ

ಹಂದಿ ಕಾಯಲು ರೇಡಿಯೋ ಬೇಕು ಅಂತ ಪಂಪ್ ಶೆಡ್ಡಿನಿಂದ ಗುಡಿಸಲಿಗೆ ಎರಡೆಳೆ ವೈರು ಬೇಲಿ ಮೇಲೆ ಎಳೆಯುವುದನ್ನು ನಾನು ನೋಡಿದ್ದೇನೆ. ಅದೂ ಒಂದು ಎಳೆ ಫೇಸಿನಿಂದ, ಇನ್ನೊಂದು ನೆಲದಲ್ಲಿ ಹೂತ ಗೂಟದಿಂದ. ವೈರಿನ ಸಿಪ್ಪೆ ಬಿಸಿಲಿಗೆ ಒಡೆದು ತಂತಿಬೇಲಿಗೆ ತಾಗಿದರೆ ಇಡೀ ಬೇಲಿಗೆ ಕರೆಂಟು. ಹಂದಿಗಿಂತ ಮೊದಲು ಬೆಳಗ್ಗೆ ನೀರು ತಿರುವಲು ಬಂದ ಮನೆಯವರೇ ಮುಟ್ಟುತ್ತಾರೆ. ಬೇಲಿಗೆ ಬೇಕಂತಲೇ ಕರೆಂಟು ಬಿಡುವವರ ಮಾತು ಇಲ್ಲಿ ಬೇಡ, ಅದು ಅಪರಾಧ.

ಶೆಡ್ಡಿನ ಕರೆಂಟೇ ಬೇಕು ಅಂದರೆ ಎಲಿಮಿನೇಟರನ್ನು ಶೆಡ್ಡಿನಲ್ಲೇ, ಒಣ ಗೋಡೆಗೆ, ಎತ್ತರದಲ್ಲಿ ಇಡಿ. ಅಲ್ಲಿಂದ ಆರು ವೋಲ್ಟಿನ ವೈರು ಮಾತ್ರ ಹೊರಗೆ ಹೋಗಲಿ. ಇಪ್ಪತ್ತು ಮೀಟರ್ ಸಾಧಾರಣ ತಾಮ್ರದ ಎರಡೆಳೆ ವೈರಿನಲ್ಲಿ ರೇಡಿಯೋ ಎಳೆಯುವ ಕರೆಂಟಿಗೆ ಕಾಲು ವೋಲ್ಟೂ ಇಳಿಯುವುದಿಲ್ಲ. ಶೆಡ್ಡಿಗೆ ಸರಿಯಾದ ನ್ಯೂಟ್ರಲ್ ಇರಬೇಕು, ಸಾಧ್ಯವಾದರೆ 30 ಮಿಲಿ ಆಂಪಿಯರಿಗೆ ಬೀಳುವ ಆರ್.ಸಿ.ಸಿ.ಬಿ. ಸ್ವಿಚ್ಚು ಹಾಕಿಸಿ. ಗುಡುಗು ಕಂಡರೆ ಗೋಡೆಯಿಂದ ಕಿತ್ತು ಬಿಡಿ. ಮರದ ಮೇಲೆ ಉದ್ದ ಏರಿಯಲ್ ತಂತಿ ಕಟ್ಟಿದವರು ಅದನ್ನೂ ಬಿಚ್ಚಬೇಕು. ಆ ತಂತಿ ಕಟ್ಟುವಾಗ ಹತ್ತಿರದಲ್ಲಿ ಎಲ್ಲೂ ಲೈನು ಹೋಗಿರಬಾರದು.

ಇದಕ್ಕಿಂತ ಒಳ್ಳೆ ದಾರಿ ಈಗ ಹೆಚ್ಚಿನ ಮನೆಗಳಲ್ಲೇ ಇದೆ. ಬ್ಯಾಟರಿ ಸ್ಪ್ರೇಯರ್ ಇಟ್ಟುಕೊಂಡವರು ಅದರೊಳಗೆ ನೋಡಿ, 12 ವೋಲ್ಟಿನ ಸಣ್ಣ ಬ್ಯಾಟರಿ ಇರುತ್ತದೆ, 8 ಆಂಪಿಯರ್-ಗಂಟೆ ಅಂತ ಬರೆದಿರುತ್ತದೆ. ಔಷಧಿ ಹೊಡೆಯುವ ಕೆಲಸ ಇಲ್ಲದಾಗ ಅದು ಸುಮ್ಮನೆ ಕೂತಿರುತ್ತದೆ. ಆ ಬ್ಯಾಟರಿಯಿಂದ ಅದೇ 7806 ದಾಟಿಸಿ ಆರರ ರೇಡಿಯೋಗೆ, 7809 ದಾಟಿಸಿ ಒಂಬತ್ತರ ರೇಡಿಯೋಗೆ ಕೊಡಬಹುದು. ನೇರವಾಗಿ ಕೊಡಬಾರದು, ಪೂರಾ ಚಾರ್ಜ್ ಆದಾಗ ಅದು ಹದಿಮೂರು ದಾಟಿರುತ್ತದೆ. ಲೆಕ್ಕ ಹಾಕಿ: ರೇಡಿಯೋ 50 ಮಿಲಿ ಆಂಪಿಯರ್ ಎಳೆದರೆ 8 ಆಂಪಿಯರ್-ಗಂಟೆ ಬ್ಯಾಟರಿ 160 ಗಂಟೆ ಬರಬೇಕು. ಹಳೇ ಬ್ಯಾಟರಿ, ಪೂರ್ತಿ ಇಳಿಸಬಾರದು ಅಂತ ಅರ್ಧ ಹಿಡಿದರೂ 80 ಗಂಟೆ. ರಾತ್ರಿಗೆ ಎಂಟು ಗಂಟೆ ಅಂದರೆ ಹತ್ತು ರಾತ್ರಿ. ದನಿ ಪೂರಾ ಏರಿಸಿದರೆ ಕಡಿಮೆಯಾಗುತ್ತದೆ, ಆದರೂ ವಾರಕ್ಕೊಮ್ಮೆ ಚಾರ್ಜಿಗೆ ಇಟ್ಟರೆ ನಡೆಯುತ್ತದೆ. ಝೂಂಯ್ ಇಲ್ಲ, ಗುಂಯ್ ಇಲ್ಲ, ಏರಿಯಲ್ ಎಷ್ಟು ಬೇಕಾದರೂ ಹಿಡಿದುಕೊಳ್ಳಬಹುದು. ಮನೆಯ ಸೋಲಾರ್ ದೀಪದ 12 ವೋಲ್ಟ್ ಬ್ಯಾಟರಿಗೂ ಇದೇ ಏರ್ಪಾಡು ಸರಿ.

ಒಂದೇ ಎಚ್ಚರ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ನಿಜ. ಆದರೆ ಆ ಬ್ಯಾಟರಿಯ ಎರಡು ತುದಿ ತಾಗಿದರೆ ವೈರು ಕೆಂಪಗೆ ಕಾದು ಗುಡಿಸಲಿನ ಹುಲ್ಲಿಗೆ ಬೆಂಕಿ ಹತ್ತುತ್ತದೆ. ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನೊಳಗೇ 500 ಮಿಲಿ ಆಂಪಿಯರ್ ಫ್ಯೂಸು ಇರಲಿ, ವೈರು ಹುಲ್ಲಿನ ಮೇಲೆ ಹಾಯದಿರಲಿ. ಇನ್ನು ರೇಡಿಯೋದೊಳಗಿನ ಹಳೇ ಸೆಲ್ಲು ಇವತ್ತೇ ತೆಗೆದು, ಸೋರಿ ಹಸಿರು ಹಿಡಿದ ತಗಡಿದ್ದರೆ ಉಪ್ಪುಕಾಗದದಲ್ಲಿ ಉಜ್ಜಿ ಇಡಿ.